ಎರಡನೇ ಮಹಡಿಯ ಸಿಸ್ಟರ್, ನನ್ನ ಇಂಗ್ಲಿಷು

ಕಳೆದ ಮಂಗಳವಾರ ಬೆಳಗ್ಗೆ ರಕ್ತ ತೆಗೆದುಕೊಳ್ಳಲು ಲ್ಯಾಬಿನಿಂದ ಒಬ್ಬ ಹುಡುಗಿ ಮನೆಗೆ ಬಂದಿದ್ದಳು. ಈಗೆಲ್ಲ ಹೋಮ್ ಕಲೆಕ್ಷನ್. ಫೋನಿನಲ್ಲಿ ಒತ್ತಿದರೆ ಆಯಿತು, ಹೆಲ್ಮೆಟ್ ಸಮೇತ ಬಾಗಿಲಿಗೆ ಬರುತ್ತಾರೆ. ನನ್ನ ತೋಳಿಗೆ ಪಟ್ಟಿ ಬಿಗಿಯುವ ಮೊದಲು ಆಕೆ ಬಿಳಿ ಟೇಪಿನ ಎರಡು ತುಂಡು ಹರಿದು ಡೈನಿಂಗ್ ಟೇಬಲ್ಲಿನ ಅಂಚಿಗೆ ಅಂಟಿಸಿಟ್ಟುಕೊಂಡಳು. ಕೆಲಸ ಮುಗಿದ ಮೇಲೆ ಒಂದನ್ನು ಹತ್ತಿಯ ಮೇಲೆ ಹಾಕಿದಳು. ಇನ್ನೊಂದು ಅಲ್ಲೇ ಉಳಿಯಿತು, ಟೇಬಲ್ಲಿನಿಂದ ಇಳಿಬಿದ್ದು ಫ್ಯಾನಿನ ಗಾಳಿಗೆ ಅಲ್ಲಾಡುತ್ತ. ಹುಡುಗಿ ಹೋದ ಮೇಲೂ ನಾನು ಅದನ್ನೇ ನೋಡುತ್ತ ಕೂತಿದ್ದೆ. ಕಾಫಿ ಆರಿ ಕೆನೆ ಕಟ್ಟಿತು...

ಹಾಗೆ ಟೇಪನ್ನು ಮೊದಲೇ ಹರಿದಿಟ್ಟುಕೊಳ್ಳುತ್ತಿದ್ದ ಇನ್ನೊಬ್ಬಳನ್ನು ನಾನು ಬಲ್ಲೆ. ಟ್ರಾಲಿಯ ಅಂಚಿಗೆ ಮೂರು ತುಂಡು, ಯಾವಾಗಲೂ ಮೂರೇ. ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ, "ಸೂಜಿ ಒಳಗ ಹೋದ ಮ್ಯಾಲ ಟೇಪ್ ಹುಡುಕಾಕ ಹೋಗಬಾರದ್ರಿ ಆಂಟಿ. ಪೇಶಂಟ್ ಅಂಜತಾರ," ಎಂದಿದ್ದಳು. ನಾವೆಲ್ಲ ಅವಳನ್ನು ಕರೆಯುತ್ತಿದ್ದದ್ದು ಸಿಸ್ಟರ್ ಎಂದೇ. ಆ ಆಸ್ಪತ್ರೆಯಲ್ಲಿ ಸಿಸ್ಟರ್‌ಗಳು ಬೇಕಾದಷ್ಟು ಜನ ಇದ್ದರು, ಆದರೆ ಎರಡನೇ ಮಹಡಿಯಲ್ಲಿ ಸಿಸ್ಟರ್ ಅಂದರೆ ಅವಳೊಬ್ಬಳೇ.

ಆ ಮಹಡಿಗೆ ನಾನು ಹೇಗೆ ಬಂದೆ ಎನ್ನುವುದನ್ನು ಹೇಳಬೇಕು. ನಾನು ಕಲಿತದ್ದು ಕಾನ್ವೆಂಟಿನಲ್ಲಿ. ಅಲ್ಲಿಯ ನನ್‌ಗಳು ಕೈಬರಹಕ್ಕೂ ಮಾರ್ಕ್ಸ್ ಕೊಡುತ್ತಿದ್ದರು. ಹೆಣ್ಣುಮಕ್ಕಳು ಕಾಗದದ ಮೇಲೆ ಕೂಡ ದನಿ ಎತ್ತಬಾರದು ಎಂದು ಹೇಳಿಕೊಟ್ಟವರು ಅವರೇ. ಅದನ್ನೇ ಬಂಡವಾಳ ಮಾಡಿಕೊಂಡು ಮೂವತ್ತು ವರ್ಷ ಒಂದು ಕಂಪನಿಯಲ್ಲಿ ಸೆಕ್ರೆಟರಿಯಾಗಿದ್ದೆ. ಸಾಹೇಬರು ಸಿಟ್ಟಿನಲ್ಲಿ ಬಾಯಿಗೆ ಬಂದದ್ದನ್ನು ಡಿಕ್ಟೇಟ್ ಮಾಡುವರು. ನಾನು ಅದರ ಮೊನೆ ಮುರಿದು, ನಯ ಮಾಡಿ, 'ವಿ ರಿಗ್ರೆಟ್ ಟು ಇನ್‌ಫಾರ್ಮ್ ಯು' ಎಂದು ಟೈಪು ಮಾಡಿ ಸಹಿಗೆ ಇಡುತ್ತಿದ್ದೆ. ಮರುದಿನ ಸಾಹೇಬರು ಓದಿ, "ಥ್ಯಾಂಕ್ ಗಾಡ್ ಫಾರ್ ಯು," ಎನ್ನುವರು. ಜೀವನದಲ್ಲಿ ನನಗೆ ಸಿಕ್ಕ ಹೊಗಳಿಕೆ ಎಲ್ಲ ಈ ಒಂದು ವಿದ್ಯೆಗೆ ಸಿಕ್ಕದ್ದು.

ರಿಟೈರ್ ಆಗಿ, ನಮ್ಮವರೂ ಹೋದ ಮೇಲೆ, ಜಯನಗರದ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ವಾಲಂಟಿಯರ್ ಆಗಿ ಸೇರಿಕೊಂಡೆ. ವಾರಕ್ಕೆ ಮೂರು ದಿನ, ಬೆಳಗ್ಗೆ ಹತ್ತರಿಂದ ಒಂದರವರೆಗೆ. ಎರಡನೇ ಮಹಡಿಯ ಹೆಂಗಸರ ವಾರ್ಡಿನ ಬಾಗಿಲ ಹತ್ತಿರ ಕಿಟಕಿಯ ಪಕ್ಕ ಒಂದು ಟೇಬಲ್ ಕೊಟ್ಟಿದ್ದರು. ಇನ್ಶೂರೆನ್ಸಿನವರಿಗೆ, ಆಫೀಸಿನವರಿಗೆ, ಮಕ್ಕಳ ಸ್ಕೂಲಿಗೆ ಇಂಗ್ಲಿಷಿನಲ್ಲಿ ಬರೆಯಬೇಕಾದ ಪತ್ರಗಳನ್ನು ರೋಗಿಗಳ ಪರವಾಗಿ ಬರೆದುಕೊಡುವುದು ನನ್ನ ಕೆಲಸ. ಎಲ್ಲರಿಗೂ ನಾನು ಲೆಟರ್ ಆಂಟಿ. ಬರೆದು ಮುಗಿಸಿ, ಸಹಿ ಹಾಕಬೇಕಾದ ಜಾಗದಲ್ಲಿ ಪೆನ್ಸಿಲಿನಿಂದ ಸಣ್ಣದೊಂದು ಕ್ರಾಸ್ ಮಾಡಿ ಕೊಡುತ್ತಿದ್ದೆ. ಸಹಿ ಆದ ಮೇಲೆ ಅದನ್ನು ರಬ್ಬರಿನಿಂದ ಅಳಿಸುತ್ತಿದ್ದೆ. ಅಷ್ಟು ವರ್ಷಗಳಲ್ಲಿ ನಾನು ಬರೆದದ್ದನ್ನು ಓದಿ ನೋಡಿ ಸಹಿ ಮಾಡಿದವರು ಬಹುಶಃ ಯಾರೂ ಇಲ್ಲ. ಕ್ರಾಸ್ ಎಲ್ಲಿದೆ ಎಂದು ಹುಡುಕುವರು, ಸಹಿ ಹಾಕುವರು, ಕೈ ಮುಗಿಯುವರು. ಅದು ನನಗೆ ತುಂಬ ಹಿತವಾಗಿತ್ತು. ಸುಳ್ಳು ಯಾಕೆ ಹೇಳಲಿ.

ಸಿಸ್ಟರ್ ಬಾಗಲಕೋಟೆ ಕಡೆಯ ಹಳ್ಳಿಯವಳು. ಮೂವತ್ತರ ಆಸುಪಾಸು. ಬಿಟಿಎಂ ಲೇಔಟಿನಲ್ಲಿ ಇನ್ನಿಬ್ಬರು ಸಿಸ್ಟರ್‌ಗಳ ಜೊತೆ ಒಂದು ರೂಮು ಮಾಡಿಕೊಂಡಿದ್ದಳು. ಹಣೆಯ ವಿಭೂತಿ ಬಸ್ಸಿನ ಬೆವರಿಗೆ ಅರ್ಧ ಅಳಿಸಿರುತ್ತಿತ್ತು, ಯೂನಿಫಾರ್ಮಿನ ಕಾಲರಿನ ಒಳಗೆ ಶಿವದಾರ ಕಾಣಿಸುತ್ತಿತ್ತು. ದನಿ ಜೋರು. ಮುದುಕಿಯರ ಮೈ ಮುಟ್ಟುವ ಮೊದಲು ಎರಡೂ ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳುವಳು. "ಏನಬೇ, ಇವತ್ತರ ನಗತೀ ಏನ?" ಎಂದು ಅವಳು ಕೇಳಿದರೆ, ಮೂರು ದಿನ ಮುಖ ಗೋಡೆಗೆ ಮಾಡಿ ಮಲಗಿದ್ದವರೂ ತಿರುಗುತ್ತಿದ್ದರು.

ನನ್ನನ್ನೂ ಬಿಡುತ್ತಿರಲಿಲ್ಲ. "ನಿಮ್ಮ ಕನ್ನಡ ಇಸ್ತ್ರಿ ಹೊಡದಂಗ ಐತ್ರಿ ಆಂಟಿ. ಎಲ್ಲಿ ಮಡಿಕಿ ಬೀಳತೈತೋ ಅಂತ ಮಾತಾಡೋದ ಕಡಿಮಿ ಮಾಡೀರಿ."

"ನಿನ್ನ ಕನ್ನಡಕ್ಕೆ ಇಸ್ತ್ರಿಯಲ್ಲ, ಸೈಲೆನ್ಸರ್ ಬೇಕು," ಎಂದಿದ್ದೆ. ಇಡೀ ವಾರ್ಡಿಗೆ ಕೇಳುವ ಹಾಗೆ ನಕ್ಕಿದ್ದಳು. ಆ ನಗು... ಇರಲಿ.

ಅವಳ ರೂಮಿನ ಇಬ್ಬರೂ ಜರ್ಮನಿಗೆ ಹೋಗಲೆಂದು ಜರ್ಮನ್ ಕಲಿಯುತ್ತಿದ್ದರು. ನೀನೂ ಕಲಿ ಎಂದು ನಾನೇ ಹೇಳಿದ್ದೆ. ಆಗ ಅವಳು ಒಂದು ಮಾತು ಹೇಳಿದಳು. "ನಮ್ಮವ್ವ ತೀರಿ ಹೋಗಾಗ ಒಬ್ಬಾಕಿ ಸಿಸ್ಟರ್ ಆಕಿ ತಲಿ ಬಾಚಿದ್ಲ್ರಿ. ಕೂದ್ಲ ಗಂಟ ಬಿಡಿಸಿ, ಎಣ್ಣಿ ಹಚ್ಚಿ. ಯಾರೂ ಹೇಳಿರಲಿಲ್ಲ ಆಕಿಗೆ. ಅದನ್ನ ನೋಡಿ ನರ್ಸಿಂಗ್ ಸೇರೇನ್ರಿ ನಾ. ಅದನ್ನ ಜರ್ಮನಿಗ್ಯಾಕ ಒಯ್ಯಲಿ?" ಮನೆಯಿಂದ ಅಪ್ಪ ಪ್ರತಿ ವಾರ ಫೋನ್ ಮಾಡಿ, ಸಾಕು ಬಿಟ್ಟು ಬಾ ಎನ್ನುತ್ತಿದ್ದರಂತೆ. ಇವಳು ಬಿಡುವವಳಲ್ಲ. ಈ ಕೆಲಸ ಒಂದೇ ನಂದು ಅಂತ ಇರೂದು, ಎನ್ನುತ್ತಿದ್ದಳು.

ಬಿಡುವುದಕ್ಕೆ ಕಾರಣಗಳು ದಿನಾ ಬರುತ್ತಿದ್ದವು. ನನ್ನ ಟೇಬಲ್ಲಿನಿಂದ ವಾರ್ಡು ಪೂರಾ ಕಾಣುತ್ತಿತ್ತು, ಹಾಗಾಗಿ ನೋಡಿದ್ದೇನೆ. ರೋಗಿಯ ಕಡೆಯವರು ಚಿಟಿಕೆ ಹೊಡೆದು ಕರೆಯುವುದು, ಡ್ರಿಪ್ ಹಾಕುವಾಗ ಒಂದೇ ಸಲಕ್ಕೆ ನರ ಸಿಗದಿದ್ದರೆ ಕೈ ಹಿಡಿದು ಎಳೆಯುವುದು. ಡಾಕ್ಟರು ಬರುವುದು ತಡವಾದರೆ ಬೈಗುಳ ಸಿಸ್ಟರಿಗೆ, ಬಿಲ್ಲು ಜಾಸ್ತಿಯಾದರೆ ಬೈಗುಳ ಸಿಸ್ಟರಿಗೆ. ಡಾಕ್ಟರು ಬಂದ ಕೂಡಲೇ ಅದೇ ಜನ, "ಸಾರ್, ಸಾರ್." ಒಮ್ಮೆ ಅವಳ ಮಣಿಕಟ್ಟಿನಲ್ಲಿ ನಾಲ್ಕು ಬೆರಳಿನ ನೀಲಿ ಗುರುತು ನೋಡಿ, ಇದನ್ನು ಎಲ್ಲಾದರೂ ಬರೆದಿಡಬೇಡವೇ ಎಂದು ಕೇಳಿದೆ. ಸಿಸ್ಟರ್‌ಗಳು ಕೂರುವ ಟೇಬಲ್ಲಿನ ಮೇಲೆ ಇನ್ಸಿಡೆಂಟ್ ಬುಕ್ ಎಂದು ಒಂದು ದಪ್ಪ ಪುಸ್ತಕವಿತ್ತು. ರೋಗಿ ಬಿದ್ದರೆ, ಔಷಧಿ ತಪ್ಪಿದರೆ ಅದರಲ್ಲಿ ದಾಖಲು ಮಾಡಬೇಕು. ಅವಳು ಅದನ್ನು ತೆರೆದು ತೋರಿಸಿ, "ನಮಗ ಇದ್ರಾಗ ಕಾಲಮ್ ಇಲ್ರೀ," ಎಂದಳು. ನಾವಿಬ್ಬರೂ ನಕ್ಕೆವು. ಅದರಲ್ಲಿ ನಗುವಂಥದ್ದು ಏನಿತ್ತೋ, ಈಗ ಯೋಚಿಸಿದರೆ ಹೊಳೆಯುವುದಿಲ್ಲ.

ಅದು ಒಂದು ಶುಕ್ರವಾರ. ಮಧ್ಯಾಹ್ನ ಹನ್ನೆರಡೂವರೆ ಇರಬೇಕು, ವಿಸಿಟಿಂಗ್ ಅವರ್ ಮುಗಿಯುತ್ತ ಬಂದಿತ್ತು. ಒಂಬತ್ತನೇ ಬೆಡ್ಡಿನಲ್ಲಿ ಯಡಿಯೂರಿನ ಕಡೆಯ ಒಬ್ಬ ವಯಸ್ಸಾದ ಹೆಂಗಸು, ಲಕ್ವ ಹೊಡೆದು ಬಂದವರು. ಅವರಿಗೆ ನುಂಗುವ ಶಕ್ತಿ ಹೋಗಿತ್ತು. ಬಾಯಿಗೆ ಹಾಕಿದ ನೀರು ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಅದರಿಂದ ಜೀವಕ್ಕೇ ಅಪಾಯ ಎಂದು ಸಿಸ್ಟರ್ ಬೆಳಗ್ಗೆಯಿಂದ ಬಂದವರಿಗೆಲ್ಲ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದಳು. ಬಾಯಿಗೆ ಏನೂ ಕೊಡಬಾರದು ಎಂದು ಮಂಚಕ್ಕೆ ಕನ್ನಡದಲ್ಲೇ ಬೋರ್ಡು ತೂಗುಹಾಕಿದ್ದಳು.

ಆ ಹೆಂಗಸಿನ ಮಗ ನಲವತ್ತೈದರ ಆಸುಪಾಸಿನ ಮನುಷ್ಯ. ರೌಡಿಯಲ್ಲ. ಅಂದು ಬೆಳಗ್ಗೆ ತಾನೇ ನನ್ನ ಟೇಬಲ್ಲಿಗೆ ಬಂದು, "ನಮಸ್ಕಾರ ಆಂಟಿ," ಎಂದು ಇನ್ಶೂರೆನ್ಸಿನ ಪತ್ರ ಬರೆಸಿಕೊಂಡು ಹೋಗಿದ್ದ. ಪಾಪ, ಅಮ್ಮನ ವಿಷಯ ಹೇಳುವಾಗ ಕಣ್ಣು ಒರೆಸಿಕೊಂಡಿದ್ದ.

ನಾನು ಯಾರದೋ ಲೀವ್ ಲೆಟರಿಗೆ ಸಹಿ ಹಾಕಿಸಲು ವಾರ್ಡಿನ ಒಳಗೆ ಹೋಗಿದ್ದೆ. ಆತ ಅಮ್ಮನ ತಲೆಯನ್ನು ಒಂದು ಕೈಯಲ್ಲಿ ಎತ್ತಿ ಸ್ಟೀಲ್ ಲೋಟವನ್ನು ತುಟಿಗೆ ಹಿಡಿದಿದ್ದ. ಸಿಸ್ಟರ್ ಆ ತುದಿಯಿಂದ ಓಡಿ ಬಂದಳು.

"ಅಣ್ಣಾರ, ನೀರ ಕೊಡಬ್ಯಾಡ್ರಿ! ಎಷ್ಟ ಸಲ ಹೇಳೂದ್ರಿ, ಉಸಿರಾಟಕ್ಕ ಹೋಗತೈತಿ!"

"ಏಯ್, ನಮ್ಮಮ್ಮನಿಗೆ ನೀರು ಕೊಡಕ್ಕೆ ನಿನ್ನ ಪರ್ಮಿಷನ್ ಬೇಕೇನೇ? ಬೆಳಗ್ಗಿಂದ ಬಾಯಿ ಬಾಯಿ ಬಿಡ್ತಿದಾರೆ ಅವರು. ಮನುಷ್ಯಳಾ ನೀನು?"

ಅಷ್ಟರಲ್ಲಿ ಒಂದು ಗುಟುಕು ಬಾಯೊಳಗೆ ಹೋಗಿತ್ತು. ಮುದುಕಿಗೆ ಕೆಮ್ಮು ಹತ್ತಿತು. ಸಿಸ್ಟರ್ ಲೋಟ ಕಿತ್ತುಕೊಂಡಳು. ನೀರೆಲ್ಲ ಹಾಸಿಗೆಯ ಮೇಲೆ ಚೆಲ್ಲಿತು. ಆತ ಹೊಡೆದ.

ಕಪಾಳಕ್ಕೆ, ಕಿವಿಯ ಮೇಲೆ ಬೀಳುವ ಹಾಗೆ, ಪೂರ್ತಿ ಕೈ ಬೀಸಿ. ಅವಳು ಟ್ರಾಲಿಯ ಮೇಲೆ ಬಿದ್ದಳು. ಟ್ರಾಲಿ ಗೋಡೆಗೆ ಬಡಿಯಿತು, ಸಾಮಾನೆಲ್ಲ ನೆಲಕ್ಕೆ ಉದುರಿತು. ಇಪ್ಪತ್ತು ಜನವಾದರೂ ಇದ್ದೆವು ಅಲ್ಲಿ. ಯಾರೋ ಫೋನ್ ಎತ್ತಿ ಹಿಡಿದರು. ಯಾರೂ ಒಂದು ಹೆಜ್ಜೆ ಮುಂದೆ ಇಡಲಿಲ್ಲ, ನಾನೂ. ಲೀವ್ ಲೆಟರಿನ ಕಾಗದ ಮಡಿಕೆ ಬೀಳದ ಹಾಗೆ ಅದನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದೆ. ಇದು ನನಗೆ ಚೆನ್ನಾಗಿ ನೆನಪಿದೆ.

ಅವಳು ಎದ್ದಳು. ಎದ್ದವಳು ಕೆನ್ನೆ ಮುಟ್ಟಿಕೊಳ್ಳಲಿಲ್ಲ, ಆತನ ಕಡೆ ತಿರುಗಲೂ ಇಲ್ಲ. ಮುದುಕಿಯನ್ನು ಪಕ್ಕಕ್ಕೆ ಹೊರಳಿಸಿ, ಸಕ್ಷನ್ ಮೆಷೀನು ಎಳೆದು, ಗಂಟಲಿಗೆ ನಳಿಕೆ ಹಾಕಿ ನೀರನ್ನೆಲ್ಲ ಎಳೆದು ತೆಗೆದಳು. ಎರಡು ನಿಮಿಷವೋ ಮೂರು ನಿಮಿಷವೋ. ಮೆಷೀನಿನ ಗೊರಗೊರ ಸದ್ದು ಒಂದೇ. ಮುದುಕಿಯ ಉಸಿರು ಹಳಿಗೆ ಬಂದ ಮೇಲೆ ಕೈಗವಸು ತೆಗೆದು ಎಡಗಿವಿಗೆ ಬೆರಳು ಇಟ್ಟು ನೋಡಿಕೊಂಡಳು. ಬೆರಳು ಕೆಂಪಾಗಿತ್ತು.

"ಮೊದ್ಲೇ ಸರಿಯಾಗಿ ಹೇಳ್ಬೇಕಿತ್ತು," ಎಂದ ಆತ, ಯಾರಿಗೂ ಅಲ್ಲದ ಹಾಗೆ. ಆಮೇಲೆ ಹೊರಗೆ ಹೋಗಿ ಬೆಂಚಿನ ಮೇಲೆ ಕೂತ.

ಡ್ಯೂಟಿ ಡಾಕ್ಟರು ಬಂದು ಕಿವಿಗೆ ಹತ್ತಿ ತುರುಕಿ ಇಂಜೆಕ್ಷನ್ ಕೊಟ್ಟರು. ಬೇರೆ ಕಡೆ ಕಿವಿ ಡಾಕ್ಟರ ಹತ್ತಿರ ಕಳಿಸಬೇಕು, ಗಾಡಿ ಬರಲಿ ಎಂದರು. ಗಾಡಿ ಬರುವವರೆಗೆ ಅವಳು ನನ್ನ ಟೇಬಲ್ಲಿನ ಹತ್ತಿರ ಬಂದು ಗೋಡೆಗೆ ಒರಗಿ ನಿಂತಳು. ಮುಖ ಒಂದು ಕಡೆ ಊದಿತ್ತು.

"ಆಂಟಿ, ಕಂಪ್ಲೇಂಟ್ ಬರೀರಿ. ಇಂಗ್ಲಿಷಿನ್ಯಾಗ, ಗಟ್ಟಿಯಾಗಿ ಬರೀರಿ. ನಾ ಹೇಳತೀನಿ."

ಅವಳು ಹೇಳಿದ್ದು ನಾಲ್ಕೇ ಮಾತು. ಬೆಡ್ ಒಂಬತ್ತರ ಮಗ ನನಗ ಕಪಾಳಕ್ಕ ಹೊಡದ. ನಾ ಬಿದ್ದೆ. ಕಿವಿಯಾಗ ರಕ್ತ ಬಂತು. ನನ್ನ ತಪ್ಪ ಏನೂ ಇರಲಿಲ್ಲ.

ನಾನು ಪೆನ್ನು ತೆರೆಯುವಷ್ಟರಲ್ಲಿ ಅಡ್ಮಿನಿಸ್ಟ್ರೇಟರು ತಮ್ಮ ರೂಮಿಗೆ ಕರೆಸಿದರು. ಕಾಫಿ ತರಿಸಿದರು. "ಮೇಡಂ, ನಿಮ್ಮ ಡ್ರಾಫ್ಟಿಂಗ್ ಅಂದ್ರೆ ಡ್ರಾಫ್ಟಿಂಗ್. ಇದನ್ನ ನೀವೇ ಹ್ಯಾಂಡಲ್ ಮಾಡ್ಬೇಕು. ಸ್ವಲ್ಪ ಸಾಫ್ಟ್ ಆಗಿ ಬರೀರಿ. ಒಳ್ಳೇ ಮನೆತನದವರು, ತಾಯಿ ಸೀರಿಯಸ್ಸು. ಹೆಣ್ಣುಮಗಳನ್ನ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿಸಿ ಏನ್ ಸಾಧಿಸ್ತೀವಿ ಹೇಳಿ? ನಾಳೆ ಅವರು ಬಂದು ವಾರ್ಡಲ್ಲೇ ಎಲ್ಲರ ಮುಂದೆ ಸಾರಿ ಹೇಳ್ತಾರೆ. ನಂದು ಗ್ಯಾರಂಟಿ."

ನನಗೆ ಅದು ಸರಿಯೆನಿಸಿತು. ಇದನ್ನು ಬೇರೆ ಯಾವ ರೀತಿಯಲ್ಲೂ ಹೇಳಲಾರೆ. ನನ್ನನ್ನು ಯಾರೂ ಹೆದರಿಸಲಿಲ್ಲ, ಯಾರೂ ಏನನ್ನೂ ಕೊಡಲಿಲ್ಲ. ಸಿಟ್ಟಿನಲ್ಲಿ ಹೇಳಿದ್ದನ್ನು ನಯ ಮಾಡುವುದೇ ನನ್ನ ಕಸುಬು. ಮೂವತ್ತು ವರ್ಷ ಮಾಡಿದ್ದನ್ನೇ ಆ ಹದಿನೈದು ನಿಮಿಷವೂ ಮಾಡಿದೆ. 'ಇನ್ ಎ ಮೊಮೆಂಟ್ ಆಫ್ ಎಕ್ಸ್‌ಟ್ರೀಮ್ ಆಂಗ್ಸೈಟಿ' ಎಂದು ಬರೆದೆ. 'ಆನ್ ಅನ್‌ಫಾರ್ಚುನೇಟ್ ಇನ್ಸಿಡೆಂಟ್' ಎಂದು ಬರೆದೆ. ಕಪಾಳ ಇರಲಿಲ್ಲ, ಕಿವಿ ಇರಲಿಲ್ಲ, ರಕ್ತ ಇರಲಿಲ್ಲ. ಕೊನೆಗೆ, ಅಡ್ಮಿನಿಸ್ಟ್ರೇಟರು ಕೇಳಿದರೆಂದು, ಕ್ಷಮಾಪಣೆ ಸಿಕ್ಕಲ್ಲಿ ವಿಷಯವನ್ನು ಮುಗಿದಿದೆ ಎಂದು ಭಾವಿಸಬಹುದು ಎಂಬ ಒಂದು ಸಾಲು. ಬರೆದು ಮುಗಿಸಿ ಓದಿಕೊಂಡಾಗ, ದೇವರೇ, ಹೆಮ್ಮೆಯಾಯಿತು. ಅಷ್ಟು ಗ್ರೇಸ್‌ಫುಲ್ ಆಗಿ ಬಂದಿತ್ತು.

ಪೆನ್ಸಿಲಿನ ಕ್ರಾಸ್ ಹಾಕಿ ಅವಳ ಮುಂದೆ ಇಟ್ಟೆ. ಗಾಡಿ ಬಂದಿತ್ತು, ಕೆಳಗಿನಿಂದ ಕರೆಯುತ್ತಿದ್ದರು. ಅವಳಿಗೆ ತಲೆ ಸುತ್ತುತ್ತಿತ್ತು, ಕಾಗದ ಕಣ್ಣಿಗೆ ನಿಲ್ಲುತ್ತಿರಲಿಲ್ಲ.

"ಹೊಡದದ್ದ ಬರದೀರಿಲ್ರಿ?"

"ಬರೆದಿದೀನಮ್ಮ. ಎಲ್ಲ ಇದೆ. ಸೈನ್ ಮಾಡು."

"ನೀವ ಬರದೀರಿ ಅಂದ ಮ್ಯಾಲ ನಾ ಓದೂದೇನೈತ್ರಿ," ಎಂದು ಸಹಿ ಹಾಕಿದಳು.

ಆತ ಮರುದಿನ ಬರಲಿಲ್ಲ. ಅಮ್ಮನನ್ನು ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋದರು ಎಂದು ಕೇಳಿದೆ. ಸಾರಿ ಎನ್ನುವ ಮಾತು ಆ ವಾರ್ಡಿಗೆ ಬರಲೇ ಇಲ್ಲ.

ಎಂಟು ಹತ್ತು ದಿನದ ಮೇಲೆ ಸಿಸ್ಟರ್ ಬಂದಳು. ಯೂನಿಫಾರ್ಮ್ ಇರಲಿಲ್ಲ, ಹಳದಿ ಬಣ್ಣದ ಚೂಡಿದಾರ. ನನ್ನ ಎದುರಿನ ಕುರ್ಚಿಯಲ್ಲಿ, ಪತ್ರ ಬರೆಸಲು ಬರುವವರು ಕೂರುವ ಕುರ್ಚಿಯಲ್ಲಿ, ಕೂತಳು. ಕಿವಿಯ ತಮಟೆ ಹರಿದಿದೆ ಎಂದು ಡಾಕ್ಟರು ಹೇಳಿದ್ದರು. ಆ ಚೀಟಿ ಹಿಡಿದು ಅವಳೇ ಪೊಲೀಸ್ ಸ್ಟೇಷನ್ನಿಗೆ ಹೋಗಿದ್ದಳು. ನಾನು ಬರೆದ ಪತ್ರದ ಕಾಪಿ ಆಸ್ಪತ್ರೆಯಿಂದ ಅವಳಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು.

"ಪೊಲೀಸ್ರು ಅದನ್ನ ಓದಿ ಹೇಳಿದ್ರು ಆಂಟಿ. ಇದ್ರಾಗ ಹೊಡೆದಿದಾರೆ ಅಂತ ಎಲ್ಲಿದೆಯಮ್ಮ, ಸೈನ್ ನಿಂದೇ ಅಲ್ವಾ, ಅಂದ್ರು. ಹೌದ್ರಿ, ನಂದ, ಅಂದೆ." ಡಾಕ್ಟರ ಚೀಟಿಯನ್ನು ನನ್ನ ಟೇಬಲ್ಲಿನ ಮೇಲೆ ಇಟ್ಟಳು. "ನೀವ ನೋಡಿದ್ರಿ. ಅಲ್ಲೇ ನಿಂತಿದ್ರಿ."

ನಾನು ಏನೋ ಹೇಳಿದೆ. ಲ್ಯಾಂಗ್ವೇಜಿನಲ್ಲಿ ಒಂದು ಡಿಗ್ನಿಟಿ ಇರಬೇಕು, ನಿನ್ನ ಒಳ್ಳೆಯದಕ್ಕೇ ಎಂದು... ಅವಳು ಕೈ ಅಡ್ಡ ಹಿಡಿದು ತಡೆದಳು. ಸಿಟ್ಟಿನಿಂದ ಅಲ್ಲ, ಕೇಳಲು ಕಷ್ಟವಾಗುತ್ತಿತ್ತು ಅಷ್ಟೆ.

"ಅದ ಹೋಗ್ಲಿ ಬಿಡ್ರಿ. ನೋಡಿದವರು ಒಬ್ಬರ ಬಂದ ಹೇಳಿದ್ರ ಇನ್ನೂ ಕೇಸ್ ತೊಗೋತೀವಿ ಅಂದಾರ. ಮಂದಿ ಎಲ್ಲ ಡಿಸ್ಚಾರ್ಜ್ ಆಗಿ ಹೋಗ್ಯಾರ. ಜೂನಿಯರ್ ಹುಡುಗ್ಯಾರು ಅಂಜತಾರ, ಅವರಿಗೆ ನೌಕರಿ ಬೇಕ್ರಿ. ನಿಮಗ ಯಾರ್ ಏನ್ ಮಾಡತಾರ? ನೀವು ಬಂದ ಹೇಳ್ರಿ ಆಂಟಿ. ಅಂವಗ ಜೇಲ ಆಗಬೇಕಂತಲ್ಲ. ನಾ ಸುಳ್ಳ ಹೇಳಿಲ್ಲ ಅಂತ ಆದ್ರ ಸಾಕು. ಆಮ್ಯಾಗ ನಾ ಈ ವಾರ್ಡಿಗೆ ವಾಪಸ್ ಬರತೀನಿ. ಇಲ್ಲಂದ್ರ ಹೆಂಗ ಬರಲ್ರಿ? ನಾಳೆ ಇನ್ನೊಬ್ಬ ಕೈ ಎತ್ತತಾನ, ನಾ ಹಿಂಗ ಸಹಿ ಮಾಡಿ ಕೊಡಬೇಕೇನು?"

ನೋಡೋಣಮ್ಮ ಎಂದೆ. ಮಗಳನ್ನು ಒಂದು ಮಾತು ಕೇಳಿ ಹೇಳ್ತೀನಿ ಎಂದೆ. ಮಗಳು ವಸಂತಪುರದಲ್ಲಿದ್ದಾಳೆ. ಅವಳು ಫೋನಿನಲ್ಲೇ, "ಅಮ್ಮಾ, ಈ ವಯಸ್ಸಲ್ಲಿ ಪೊಲೀಸು ಕೋರ್ಟು ಅಂತ ಓಡಾಡ್ತೀಯಾ? ಪ್ಲೀಸ್," ಎಂದಳು. ಅವಳು ಹಾಗೇ ಹೇಳುತ್ತಾಳೆ ಎಂದು ಗೊತ್ತಿದ್ದೇ ಕೇಳಿದ್ದೆ. ಆ ವಾರವೇ ಮೈಸೂರಿನಲ್ಲಿ ತಂಗಿಯ ಮನೆಯ ಗೃಹಪ್ರವೇಶವಿತ್ತು. ಎರಡು ದಿನಕ್ಕೆಂದು ಹೋದವಳು ಹದಿನೈದು ದಿನ ಇದ್ದೆ. ಸಿಸ್ಟರ್ ಮೂರು ಸಲ ಫೋನ್ ಮಾಡಿದ್ದಳು. ತಂಗಿಯ ಮನೆಯ ಹೊಸ ಟೇಬಲ್ಲಿನ ಮೇಲೆ ಫೋನು ಗುರ್ ಗುರ್ ಎಂದು ತಿರುಗುತ್ತಿತ್ತು, ನಾನು ನೋಡುತ್ತಿದ್ದೆ. ನಾಲ್ಕನೇ ಸಲ ಮಾಡಲಿಲ್ಲ...

ನಾನು ಹಿಂತಿರುಗುವಷ್ಟರಲ್ಲಿ ಅವಳು ಕೆಲಸ ಬಿಟ್ಟಾಗಿತ್ತು.

ಅವಳ ನಂತರ ಉಳಿದವರೂ ಹೋದರು. ಗಲಾಟೆ ಮಾಡಿ ಹೋದವರು ಒಬ್ಬರೂ ಇಲ್ಲ. ಅಂದು ಟ್ರಾಲಿಯ ಸಾಮಾನು ಆರಿಸಿಟ್ಟ ಜೂನಿಯರ್ ಹುಡುಗಿ ಮೊದಲು ಹೋದಳು, ಈಗ ಯಾವುದೋ ಲೇಸರ್ ಕ್ಲಿನಿಕ್ಕಿನಲ್ಲಿ ಕೂದಲು ತೆಗೆಯುತ್ತಾಳಂತೆ. ಸಿಸ್ಟರಿನ ಜೊತೆ ರೂಮಿನಲ್ಲಿದ್ದ ಇಬ್ಬರು ಜರ್ಮನಿಗೆ ಹೋದರು. ಇಪ್ಪತ್ತು ವರ್ಷ ಸರ್ವಿಸ್ ಆಗಿದ್ದ ಒಬ್ಬರು ಆರೋಗ್ಯ ಸರಿಯಿಲ್ಲ ಎಂದು ಬರೆದುಕೊಟ್ಟು ಹೋದರು. ಆ ಪತ್ರ ಬರೆದುಕೊಟ್ಟದ್ದು ನಾನೇ. ನಿಜವಾದ ಕಾರಣ ಏನೆಂದು ಕೇಳಿದ್ದಕ್ಕೆ ಅವರು, "ಅದನ್ನ ನೀವು ಬರೀತೀರಾ ಮೇಡಂ?" ಎಂದರು. ಹೊಸ ಹುಡುಗಿಯರು ಬರುವರು, ಎರಡು ತಿಂಗಳು, ಮೂರು ತಿಂಗಳು. ಅವರ ಹೆಸರು ಕಲಿಯುವಷ್ಟರಲ್ಲಿ ಹೋಗಿಬಿಡುವರು. ನಾನೂ ಹೋಗುವುದನ್ನು ನಿಲ್ಲಿಸಿದೆ. ಮೊಣಕಾಲು ನೋವು ಎಂದು ಹೇಳಿದೆ.

ಅವಳನ್ನು ಮತ್ತೆ ಒಂದೇ ಸಲ ನೋಡಿದೆ, ಎರಡು ವರ್ಷದ ಹಿಂದೆ, ತಿಲಕ್ ನಗರದ ಒಂದು ಬಸ್ ಸ್ಟಾಪಿನಲ್ಲಿ. ಕೊರಳಿಗೆ ಯಾವುದೋ ಆಫೀಸಿನ ಟ್ಯಾಗು. ಕೂದಲನ್ನು ಎಡಗಿವಿ ಮುಚ್ಚುವ ಹಾಗೆ ಬಿಟ್ಟಿದ್ದಳು. ಹಿಂದಿನಿಂದ ಹೋಗಿ ಎರಡು ಸಲ ಕರೆದೆ, ಆಮೇಲೆ ಭುಜ ಮುಟ್ಟಿದೆ.

"ಅಯ್ಯ, ಆಂಟಿ! ಈ ಕಡೆ ಬರ್ರಿ, ಆ ಕಡಿಂದ ಕೇಳಸಂಗಿಲ್ಲ ನನಗ." ನನ್ನ ಕೈ ಹಿಡಿದು ತನ್ನ ಬಲಕ್ಕೆ ಕರೆದುಕೊಂಡಳು. ಅಷ್ಟು ಸಲೀಸಾಗಿ. ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಕೆಲಸವಂತೆ, ಕಂಪ್ಯೂಟರಿನಲ್ಲಿ ಆಸ್ಪತ್ರೆ ಬಿಲ್ಲುಗಳನ್ನು ನೋಡುವುದು. "ಎಸಿ ರೂಮ್ ಐತ್ರಿ. ಯಾರೂ ಬೈಯಂಗಿಲ್ಲ. ಯಾರೂ ಮಾತಾಡ್ಸಂಗೂ ಇಲ್ಲ."

"ಮತ್ತೆ ವಾರ್ಡಿಗೆ..."

"ಇಲ್ರೀ." ಅಷ್ಟೆ. ಆಮೇಲೆ, "ನಿಮ್ಮ ಬಿಪಿ ಹೆಂಗೈತಿ? ಮುಖ ಊದೈತಲ್ರಿ," ಎಂದು ನನ್ನ ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತ ನಾಡಿ ಎಣಿಸತೊಡಗಿದಳು. ಹಿಡಿಯುವ ಮೊದಲು ಅಂಗೈ ಉಜ್ಜಿಕೊಂಡದ್ದು ಅವಳಿಗೇ ಗೊತ್ತಿರಲಿಕ್ಕಿಲ್ಲ. ಅರ್ಧಕ್ಕೇ ಏನೋ ನೆನಪಾದವಳ ಹಾಗೆ ಕೈ ಬಿಟ್ಟಳು. "ರೂಢಿ ಹೋಗಿಲ್ಲ ನೋಡ್ರಿ," ಎಂದು ನಗಲು ನೋಡಿದಳು. ನಾನು, "ಆ ಲೆಟರ್ ವಿಷಯ, ಸಿಸ್ಟರ್..." ಎಂದು ಶುರು ಮಾಡಿದೆ. ಬಸ್ಸು ಬಂತು. ಅವಳು ಕೇಳಿಸಿಕೊಂಡಳೋ ಇಲ್ಲವೋ. ಬರತೀನ್ರಿ ಎಂದು ಹತ್ತಿದಳು. ಬಸ್ಸು ಹೊರಡುವಾಗ ಕಿಟಕಿಯಲ್ಲಿ ಕಂಡದ್ದು ಅವಳ ಎಡಗಡೆ. ಕೂಗಿ ಪ್ರಯೋಜನವಿರಲಿಲ್ಲ.

ಮೊನ್ನೆ ಗುರುವಾರ ಕೂತು ಕನ್ನಡದಲ್ಲಿ ಒಂದು ಪತ್ರ ಬರೆದೆ. ಅವಳು ಹೇಳಿದ ನಾಲ್ಕು ಮಾತನ್ನು ಅವಳು ಹೇಳಿದ ಹಾಗೇ. ಹೊಡೆದ ಎಂದರೆ ಹೊಡೆದ. ಕೆಳಗೆ, ಇದನ್ನು ನಾನು ಕಣ್ಣಾರೆ ನೋಡಿದ್ದೇನೆ, ಅಂದು ಬರೆದ ಪತ್ರ ಸುಳ್ಳು, ಅದನ್ನು ಅವಳಿಗೆ ಸುಳ್ಳು ಹೇಳಿ ಸಹಿ ಮಾಡಿಸಿದವಳು ನಾನು ಎಂದು ಬರೆದು, ನನ್ನ ಹೆಸರು ಹಾಕಿದೆ. ಅಕ್ಷರ ಚೆನ್ನಾಗಿ ಬರಲಿಲ್ಲ.

ತೆಗೆದುಕೊಂಡು ಆಸ್ಪತ್ರೆಗೆ ಹೋದೆ. ಹಳೆಯ ಅಡ್ಮಿನಿಸ್ಟ್ರೇಟರು ಇಲ್ಲ. ಹೊಸಬರು ಚಿಕ್ಕ ವಯಸ್ಸಿನವರು, ತುಂಬ ಮರ್ಯಾದೆಯಿಂದ ಕೂರಿಸಿದರು. ಪತ್ರವನ್ನು ಎರಡು ಸಲ ಓದಿದರು. "ಮೇಡಂ, ಇದನ್ನ ಇಟ್ಕೊಂಡು ನಾನೇನ್ ಮಾಡ್ಲಿ? ಆ ಸ್ಟಾಫ್ ಬಿಟ್ಟು ಎಷ್ಟೋ ವರ್ಷ ಆಯ್ತು. ಆಗಿದ್ದೋರು ಒಬ್ರೂ ಇಲ್ಲ ಈಗ." ಎರಡನೇ ಮಹಡಿಗೆ ಹೋಗಿ ಒಮ್ಮೆ ನೋಡಿ ಬರಲೇ ಎಂದು ಕೇಳಿದೆ. "ಲಾಕ್ ಮಾಡಿದೀವಿ ಮೇಡಂ. ಬೆಡ್ ಇದೆ, ಡಾಕ್ಟರ್ಸ್ ಇದಾರೆ, ಸಿಸ್ಟರ್ಸ್ ಸಿಗ್ತಿಲ್ಲ. ಯಾರನ್ನ ಇಟ್ಕೊಂಡು ಓಪನ್ ಮಾಡೋದು?" ಪತ್ರವನ್ನು ಮಡಿಸಿ ನನ್ನ ಕೈಗೇ ವಾಪಸ್ಸು ಕೊಟ್ಟರು.

ಹೊರಗೆ ಬರುವಾಗ ಮೊದಲನೇ ಮಹಡಿಯ ಕಾರಿಡಾರಿನಲ್ಲಿ ಒಬ್ಬ ಹೆಂಗಸು ಓಡಿ ಬಂದು ನನ್ನ ತೋಳು ಹಿಡಿದುಕೊಂಡಳು. "ಆಂಟಿ, ನೀವು ಇಲ್ಲಿಯವರಾ? ನನ್ನ ಮಗಳ ಡ್ರಿಪ್ ಮುಗ್ದೋಗಿದೆ, ಪೈಪಲ್ಲಿ ರಕ್ತ ಮೇಲಕ್ಕೆ ಏರ್ತಿದೆ. ಬೆಲ್ ಒತ್ತಿ ಒತ್ತಿ ಸಾಕಾಯ್ತು. ಏನ್ ಮಾಡ್ಲಿ?"

ಅವಳ ಹಿಂದೆ ಹೋದೆ. ಹದಿನಾರು ಹದಿನೇಳರ ಹುಡುಗಿ, ಕೈ ಅಲ್ಲಾಡಿಸಲು ಹೆದರಿ ಹಲ್ಲು ಕಚ್ಚಿ ಮಲಗಿದ್ದಳು. ನಳಿಕೆಯೊಳಗೆ ಒಂದು ಗೇಣು ರಕ್ತ ಏರಿತ್ತು. ಯಾವುದನ್ನು ತಿರುಗಿಸಬೇಕು, ಯಾವುದನ್ನು ಮುಟ್ಟಬಾರದು ಎಂದು ನನಗೆ ಗೊತ್ತಿರಲಿಲ್ಲ. ಇಂಗ್ಲಿಷ್ ಬಿಟ್ಟರೆ ನಾನು ಏನನ್ನೂ ಕಲಿತವಳಲ್ಲ. ಬಾಗಿಲಿಗೆ ಬಂದು ಕಾರಿಡಾರಿನ ಆ ತುದಿಯವರೆಗೆ ಕೇಳಲಿ ಎಂದು, ಜೀವನದಲ್ಲಿ ಎಂದೂ ಎತ್ತದಷ್ಟು ದನಿ ಎತ್ತಿ, "ಸಿಸ್ಟರ್!" ಎಂದು ಕೂಗಿದೆ. ಒಂದೆರಡು ಬಾಗಿಲುಗಳಲ್ಲಿ ರೋಗಿಗಳ ಕಡೆಯವರು ಇಣುಕಿ ನೋಡಿದರು. ಅವರೂ ಸಿಸ್ಟರನ್ನೇ ಕಾಯುತ್ತಿದ್ದರು.